ಹಳಿಗೆ ಅಡ್ಡ ಬಂದ ರಾಗಿ ಪೈರು

ಹೊರಡುವ ಮುಂಚೆ

ನಮ್ಮೂರಿಗೆ ಎರಡು ನದಿ ಬಂದವು, ಒಂದು ರೈಲು ಬರಲಿಲ್ಲ. ನಾನು ಹುಟ್ಟಿ ಬೆಳೆದದ್ದು ತಿ. ನರಸೀಪುರದಲ್ಲಿ. ಕಾವೇರಿ, ಕಪಿಲೆ ಎರಡೂ ಬಂದು ಸೇರುವ ಊರು. ತಾಲ್ಲೂಕು ಕಚೇರಿ ಇದೆ, ಕೋರ್ಟು ಇದೆ, ಸಂತೆ ಇದೆ, ರೈಲು ಮಾತ್ರ ಇಲ್ಲ. ಚಿಕ್ಕವಳಿದ್ದಾಗ ರೈಲು ನೋಡಬೇಕು ಅಂತ ಹಟ ಹಿಡಿದರೆ ಅಪ್ಪ ಬಸ್ಸು ಹತ್ತಿಸಿ ನಂಜನಗೂಡಿಗೆ ಕರೆದುಕೊಂಡು ಹೋಗಬೇಕಿತ್ತು. ಅಲ್ಲಿ ಕಪಿಲೆಯ ಮೇಲಿನ ಹಳೇ ಕಲ್ಲು ಸೇತುವೆಯ ಹತ್ತಿರ ನಿಂತರೆ, ಮೈಸೂರಿಂದ ಬರುವ ಮೀಟರ್ ಗೇಜ್ ರೈಲು, ಪಕ್ಕದಲ್ಲೇ ಹೋಗುವ ಎತ್ತಿನ ಗಾಡಿಯ ಜೊತೆಜೊತೆಗೆ ಮೆಲ್ಲಗೆ ಹೊಳೆ ದಾಟುತ್ತಿತ್ತು. ಮುಂದೆ ನಂಜನಗೂಡಿನ ಸಂಬಂಧ ಬಂದಾಗ ಹುಡುಗ ಹೇಗಿದ್ದಾನೆ ಎಂದು ನಾನು ಕೇಳಲಿಲ್ಲ. ಮನೆಯಿಂದ ರೈಲು ಕಾಣುತ್ತಾ ಎಂದು ಕೇಳಿದೆ. ಕಾಣುತ್ತೆ ಅಂದರು. ಒಪ್ಪಿಕೊಂಡೆ.

ಇಷ್ಟನ್ನು ಯಾಕೆ ಹೇಳಿದೆ ಅಂದರೆ, ಜರ್ಮನಿಗೆ ಹೋಗಿಬಂದ ಮೇಲೆ ಸಿಕ್ಕಸಿಕ್ಕವರೆಲ್ಲ "ಏನ್ ಟೀಚರೇ, ಆಟದ್ ರೈಲು ಬಿಡಕ್ಕೆ ಅಷ್ಟ್ ದೂರ ಓಗಿದ್ರಂತೆ?" ಎಂದು ಹಲ್ಲು ಕಿರಿಯುತ್ತಾರೆ. ಆಟದ ರೈಲಂತೆ ಆಟದ ರೈಲು! ಕೇಳಿದಾಗೆಲ್ಲ ಮೈಯೆಲ್ಲ ಉರಿಯುತ್ತದೆ. ಒಬ್ಬೊಬ್ಬರಿಗೂ ನಿಂತು ಹೇಳಿ ಸಾಕಾಗಿ, ಬರೆದೇ ಬಿಡೋಣ ಅಂತ ಕೂತಿದ್ದೇನೆ.

ನಾನು ಶಾಲೆಯಲ್ಲಿ ಕ್ರಾಫ್ಟ್ ಟೀಚರ್. ಇವರದು, ಅಂದರೆ ನಮ್ಮ ಯಜಮಾನರದು, ಬಾಳೆಹಣ್ಣಿನ ಮಂಡಿ. ದಸರಾಕ್ಕೆ ಬೊಂಬೆ ಕೂರಿಸುವುದು ನಮ್ಮ ಮನೆಯಲ್ಲಿ ಅತ್ತೆಯವರ ಕಾಲದಿಂದ ಬಂದದ್ದು. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಹಲಗೆಯ ಮೇಲೆ ಬೊಂಬೆಗಳು, ಎಲ್ಲಕ್ಕಿಂತ ಮೇಲೆ ಪಟ್ಟದ ರಾಜ ರಾಣಿ, ಕೆಳಗೆ ನೆಲದಲ್ಲಿ ಮರಳು ಮಣ್ಣು ಹರವಿ ಒಂದು ಊರು. ಆ ಊರಿನ ಹೊಲಕ್ಕೆ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ ಹಬ್ಬ ಮುಗಿಯುವ ಹೊತ್ತಿಗೆ ಹಸುರು ಪೈರು. ನಾನು ಸೊಸೆಯಾಗಿ ಬಂದ ಮೇಲೆ ಊರಿಗೆ ಸೇತುವೆ ಬಂತು, ಇವರು ರೈಲು ಬಿಟ್ಟರು. ಮೊದಲು ಕೀಲಿ ಕೊಡುವ ರೈಲು. ಆಮೇಲೆ ಕೆಟ್ಟ ಟೇಪ್ ರೆಕಾರ್ಡರಿನ ಮೋಟಾರು ಕಿತ್ತು ಇವರೇ ಮಾಡಿದ ರೈಲು. ತೊಂಬತ್ತರ ದಶಕದಲ್ಲಿ ಸಂಜೆಯಾದರೆ ಬೀದಿಗೆ ಬೀದಿಯೇ ನಮ್ಮ ನಡುಮನೆಯಲ್ಲಿ. ಬೊಂಬೆ ನೋಡಲು ಬಂದವರನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ಉಸಲಿಯೋ ಕೊಬ್ಬರಿ ಸಕ್ಕರೆಯೋ, ಬೊಂಬೆ ಬಾಗಿನ ಅಂತ ಕೈಗೆ ಏನಾದರೂ ಹಾಕಲೇಬೇಕು.

ಅಂಥ ಒಂದು ದಸರೆಯಲ್ಲಿ ಊರ್ಸುಲಾ ಬಂದಳು. ನನ್ನ ಓರಗೆಯ ಜರ್ಮನ್ ಹೆಂಗಸು. ಸೇತುವೆಯ ಮೇಲಿನ ಮೀಟರ್ ಗೇಜ್ ರೈಲಿನ ಫೋಟೋ ತೆಗೆಯಲೆಂದೇ ಬಂದವಳು, ಬಿಸಿಲಿಗೆ ಬಸವಳಿದು ನಮ್ಮ ಮನೆಯಲ್ಲಿ ನೀರು ಕೇಳಿದಳು. ಒಳಗೆ ಅದೇ ಸೇತುವೆಯನ್ನು, ಅದರ ಮೇಲೆ ಓಡುವ ರೈಲನ್ನು ನೋಡಿ ನೀರು ಕುಡಿಯುವುದನ್ನೇ ಮರೆತು ನೆಲದ ಮೇಲೆ ಕೂತುಬಿಟ್ಟಳು. ಅವಳ ದೇಶದಲ್ಲಿ ಒಂದು ಕೂಟವಿದೆಯಂತೆ. ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಒಂದೊಂದು ಹಲಗೆಯ ಮೇಲೆ ರೈಲುದಾರಿಯ ಒಂದೊಂದು ತುಂಡು ಕಟ್ಟುತ್ತಾರಂತೆ. ಅದಕ್ಕೆ ಮಾಡ್ಯೂಲ್ ಅನ್ನುತ್ತಾರೆ. ವರ್ಷಕ್ಕೊಮ್ಮೆ ಎಲ್ಲವನ್ನೂ ತಂದು ತುದಿಗೆ ತುದಿ ಜೋಡಿಸಿದರೆ, ಒಬ್ಬರ ರೈಲು ಎಲ್ಲರ ಊರಿನ ಮೇಲೂ ಓಡುತ್ತದೆ. ಮುಂದೆ ಅವಳೂ ನಾವೂ ವರ್ಷಗಟ್ಟಲೆ ಕಾಗದ ಬರೆದುಕೊಂಡೆವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಅಳತೆಗೆ ಸರಿಯಾಗಿ ಕೊಯ್ದ, ಮಾಡ್ಯೂಲಿನ ಎರಡು ತುದಿಗೆ ಕೂರಿಸುವ ಎರಡು ಹಲಗೆ ಅಂಚೆಯಲ್ಲಿ ಬಂದವು. "ಈ ಎರಡರ ನಡುವೆ ನಿಮ್ಮ ಸೇತುವೆ ಕಟ್ಟಿಕೊಂಡು ಬನ್ನಿ" ಎಂದು ಬರೆದಿದ್ದಳು.

ಅದೇ ಹೊತ್ತಿಗೆ ಊರಲ್ಲಿ ಇನ್ನೊಂದು ಸುದ್ದಿ. ನಮ್ಮ ದಾರಿ ಬ್ರಾಡ್ ಗೇಜ್ ಆಗುತ್ತದೆ, ಸಣ್ಣ ರೈಲು ನಿಲ್ಲುತ್ತದೆ, ಹಳೇ ಸೇತುವೆಯ ಮೇಲೆ ಇನ್ನು ರೈಲು ಹೋಗುವುದಿಲ್ಲ. ಒಳ್ಳೆಯದೇ ಆಯಿತು ಅಂದರು ಎಲ್ಲರೂ. ದೊಡ್ಡ ರೈಲು ಬೇಡ ಅಂದವರಾರು? ನನಗೆ ಮಾತ್ರ ನಮ್ಮ ಸೇತುವೆಯನ್ನು ಕಟ್ಟಿ, ಅದರ ಮೇಲೆ ಬೇರೆ ಜನರ ರೈಲು ಓಡುವುದನ್ನು ಒಂದು ಸಲ ಕಣ್ಣಾರೆ ನೋಡಬೇಕು ಅಂತ ಹಟ ಹುಟ್ಟಿತು.

ತೊಡಕೆಂದರೆ ಅವರ ಮೇಳ ಸರಿಯಾಗಿ ದಸರೆಗೇ ಬಿತ್ತು. ಕೊನೆಯ ದಿನ ವಿಜಯದಶಮಿ. ಅತ್ತೆಯವರಿಗೆ ಮಂಡಿ ಬಗ್ಗುವುದಿಲ್ಲ, ನಾವಿಲ್ಲದೆ ಬೊಂಬೆ ಕೂರಿಸುವವರಿಲ್ಲ.

"ಒಂದೊರ್ಸ ಬುಟ್ರೂ ಆಗಕಿಲ್ಲ ಕಣವ್ವ, ಮನೆಗೆ ಒಳ್ಳೇದಲ್ಲ" ಅಂದರು ಅತ್ತೆ.

"ಬುಡಲ್ಲ ಅತ್ತೆ. ಅಲ್ಲೇ ಕೂರಿಸ್ತೀನಿ. ಪೈರೂ ಹಾಕ್ತೀನಿ, ದಶಮಿ ದಿನ ರೈಲೂ ಬಿಡ್ತೀವಿ" ಎಂದು ಮಾತು ಕೊಟ್ಟೆ. ಪಟ್ಟದ ಬೊಂಬೆಗಳನ್ನು ನನ್ನ ರೇಷ್ಮೆ ಸೀರೆಯ ಮಡಿಕೆಯಲ್ಲಿ ಸುತ್ತಿಟ್ಟುಕೊಂಡೆ. ಒಂದು ಚೀಲ ರಾಗಿಯನ್ನೂ ಕಟ್ಟಿಕೊಂಡೆ.

ವಿಮಾನ ಇಳಿದ ಊರು

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಬೈದಂತಾಗುತ್ತದೆ, ಊರ್ಸುಲಾ ಬೇಜಾರು ಮಾಡಿಕೊಳ್ಳುತ್ತಾಳೆ.

ಸಾಮಾನು ತಪಾಸಣೆಯ ಆಫೀಸರು ರಾಗಿ ಚೀಲ ಬಿಚ್ಚಿ ಒಂದು ಹಿಡಿ ಅಂಗೈಗೆ ಸುರಿದುಕೊಂಡು, ಕನ್ನಡಕ ಏರಿಸಿ ಇಳಿಸಿ ನೋಡಿದ. ಇವರು ಹೆದರಿಕೊಂಡು "ಫುಡ್ಡು ಸಾ, ಫುಡ್ಡು" ಅಂದರು. ತಿನ್ನುವುದು ಹೇಗೆ ಎಂದು ಕೇಳಿದ. ಇವರು ಎರಡೂ ಕೈ ಸೇರಿಸಿ ಗಾಳಿಯಲ್ಲಿ ಮುದ್ದೆ ಕಟ್ಟಿ, ಮುರಿದು, ನುಂಗಿ ತೋರಿಸಿದರು. ಹಿಂದಿನ ಸಾಲಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಮನೆಯ ಮುದ್ದೆ ಇವರಿಗೆ ತಮಾಷೆಯಾಗಿ ಹೋಯಿತಲ್ಲ ಅಂತ ಹಲ್ಲು ಕಡಿದುಕೊಂಡು ನಿಂತೆ.

ಊರ್ಸುಲಾ ಮನೆಗೆ ಹೋಗಿ ಪೆಟ್ಟಿಗೆ ಬಿಚ್ಚಿದೆವು. ಸೇತುವೆಗೆ ಏನೂ ಆಗಿರಲಿಲ್ಲ. ಕಮಾನು, ಕಟ್ಟೆ, ಅದರ ಮೇಲಿನ ಕೆಂಪು ಬಸ್ಸು, ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವ ನನ್ನ ಹೆಂಗಸರು, ಎಲ್ಲ ಕ್ಷೇಮ. ಕಪಿಲೆಗೆ ಅಂತ ಕೆಳಗೆ ಕೂರಿಸಿದ್ದ ಕನ್ನಡಿ ಮಾತ್ರ ನಡುವೆ ಸೀಳಿತ್ತು. ಎಲ್ಲಿ, ಯಾವ ಪುಣ್ಯಾತ್ಮ ಎತ್ತಿ ಎಸೆದನೋ! ಮೇಲೆ ಕೆಳಗೆ ಅಂತ ಬಾಣದ ಗುರುತು ಹಾಕಿ, ಇಂಗ್ಲಿಷಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಬಾಯಿಗೆ ಬಂದಂತೆ ಬೈದೆ. ಇಂಗ್ಲಿಷಲ್ಲಿ ಬೈಯಲು ನನಗೆ ಬಾರದು, ಕನ್ನಡದಲ್ಲೇ ಬೈದೆ.

ಇವರು ಬಗ್ಗಿ ನೋಡಿ, "ಎರಡು ಹೊಳೆ ಆಯ್ತಲ್ಲ ಕಣೆ. ನಿಮ್ಮ ನರಸೀಪುರದ ಸಂಗಮ ಅನ್ಕೊ, ಓಗ್ಲಿ ಬುಡು" ಅಂದರು.

ಇವರ ಸ್ವಭಾವವೇ ಹಾಗೆ. ಏನಾದರೂ ಓಗ್ಲಿ ಬುಡು. ಹಣ್ಣು ಕೊಳೆತರೂ ಓಗ್ಲಿ ಬುಡು, ಲಾರಿ ಬರದಿದ್ದರೂ ಓಗ್ಲಿ ಬುಡು. ಇವರ ಪಾಲಿನ ಸಿಟ್ಟನ್ನೂ ಸೇರಿಸಿ ನಾನೇ ಮಾಡಿಕೊಳ್ಳಬೇಕು.

ಹೊಲಕ್ಕೆ ಮಣ್ಣು ಬೇಕಿತ್ತು. ಹಿತ್ತಲಿಂದ ಎರಡು ಹಿಡಿ ತೆಗೆದುಕೊಳ್ಳೋಣ ಅಂದರೆ ಹಿತ್ತಲೆಲ್ಲ ಕಲ್ಲು ಹಾಸು. ಊರ್ಸುಲಾ ಅಂಗಡಿಗೆ ಕರೆದುಕೊಂಡು ಹೋದಳು. ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಮೇಲೆ ಹೂವಿನ ಚಿತ್ರ ಅಚ್ಚು ಹಾಕಿ ಮಾರುತ್ತಾರೆ ಕಣ್ರೀ! ಮಣ್ಣನ್ನು ಕೊಳ್ಳಬೇಕಾಗಿ ಬಂದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ತಂದು ಸೇತುವೆಯ ಎರಡೂ ಕಡೆ ಹೊಲಕ್ಕೆ ಹರವಿ, ನೆನೆಸಿದ ರಾಗಿ ಚೆಲ್ಲಿ, ಕೋಣೆ ಬಿಸಿ ಮಾಡುವ ಯಂತ್ರದ ಪಕ್ಕ ಇಟ್ಟೆ. ಮೇಳಕ್ಕೆ ಹೊರಡುವ ಬೆಳಿಗ್ಗೆ ನೋಡಿದರೆ ಬಿಳೀ ಮೊಳಕೆ ಇಣುಕಿತ್ತು. ಊರ್ಸುಲಾ ಹೊಲದ ಮಣ್ಣಿನ ಬಣ್ಣ ಚೆನ್ನಾಗಿದೆ ಎಂದು ಹೊಗಳಿದಳೇ ಹೊರತು, ಬೀಜ ಹಾಕಿದ್ದೀಯಾ ಎಂದು ಅವಳೂ ಕೇಳಲಿಲ್ಲ. ಹಾಕದೆ ಇರುತ್ತಾರೆಯೇ ಎಂದು ನಾನೂ ಹೇಳಲಿಲ್ಲ.

ಮೇಳದ ಮೊದಲ ದಿನ

ಮೇಳ ನಡೆದದ್ದು ಒಂದು ಶಾಲೆಯ ಆಟದ ಹಾಲ್‌ನಲ್ಲಿ. ಅಬ್ಬಬ್ಬಾ, ಆ ಉದ್ದ! ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿಯ ಮನುಷ್ಯ ಗುರುತು ಸಿಗುವುದಿಲ್ಲ. ಬೆಟ್ಟ, ಸುರಂಗ, ಹಿಮ, ದ್ರಾಕ್ಷಿ ತೋಟ, ಎಲ್ಲ ಸೊಂಟದೆತ್ತರದ ಮೇಜುಗಳ ಮೇಲೆ ಹಾವಿನಂತೆ ಸುತ್ತಿಕೊಂಡು ಹೋಗಿದೆ. ಇವರ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ.

ಅಲ್ಲಿನ ಯಜಮಾನ ಡೀಟರ್ ಎಂಬ ಮಹಾನುಭಾವ. ಎತ್ತರದ ಆಳು, ಜೇಬಿನಲ್ಲಿ ಅಳತೆ ಪಟ್ಟಿ, ಕೈಯಲ್ಲಿ ಟಾರ್ಚು. ಜೋಡಿಸಿದ ಒಂದೊಂದು ಮಾಡ್ಯೂಲಿನ ಮೇಲೂ ಒಂದು ಪರೀಕ್ಷೆಯ ಬೋಗಿ ಉರುಳಿಸಿ, ಸರಿ ಅಂದರೆ ತಲೆ ಆಡಿಸುತ್ತಾನೆ. ನಮ್ಮ ಹಳಿಯ ಮೇಲೆ ಬೋಗಿ ತಡೆಯಿಲ್ಲದೆ ಉರುಳಿತು. ತಲೆ ಆಡಿಸಿದ. ಆಮೇಲೆ ಅವನ ಕಣ್ಣು, ಸೇತುವೆಯ ಪಕ್ಕ ನಾನು ಕೂರಿಸಿದ್ದ ಪಟ್ಟದ ಬೊಂಬೆಗಳ ಮೇಲೆ ಬಿತ್ತು.

"ಇವರು ಯಾರು?"

"ರಾಜ, ರಾಣಿ" ಅಂದೆ.

"ಅಳತೆ ತಪ್ಪಿದೆ. ಈ ರಾಜ ಎದ್ದು ನಿಂತರೆ ಸೇತುವೆಗಿಂತ ಎತ್ತರ. ಇಲ್ಲಿ ಎಲ್ಲವೂ ಒಂದೇ ಅಳತೆಯಲ್ಲಿ ಇರಬೇಕು."

ರಾಜ ಅಂದ ಮೇಲೆ ಎತ್ತರ ಇರದೆ ಮತ್ತೇನು! ನಾನು ವಾದಕ್ಕೆ ನಿಂತೆ. ಊರ್ಸುಲಾ ನಡುವೆ ಬಂದು, ಬೊಂಬೆಗಳನ್ನು ಮೇಜಿನ ಕೆಳಗೆ, ಪರದೆಯ ಹಿಂದೆ ಇಡಿಸಿದಳು. ಮನೆಯಲ್ಲಿ ಎಲ್ಲರಿಗಿಂತ ಮೇಲಿನ ಮೆಟ್ಟಿಲಲ್ಲಿ ಕೂರುವ ರಾಜ ರಾಣಿ ಇಲ್ಲಿ ಮೇಜಿನ ಕೆಳಗೆ, ವೈರುಗಳ ನಡುವೆ. ಬಗ್ಗಿ ಅರಿಶಿನ ಕುಂಕುಮ ಇಡುವಾಗ ನನಗೆ ಅಳು ಬಂತು, ಸಿಟ್ಟಿಗೆ.

ಅಲ್ಲಿನ ಜನರ ರೀತಿ ಕೇಳಿ. ಹಾಲ್‌ಗೆ ಅದರದೇ ಒಂದು ಗಡಿಯಾರ. ಕಾಲು ಗಂಟೆಯಲ್ಲಿ ಅದರ ಮುಳ್ಳು ಒಂದು ಗಂಟೆ ಓಡುತ್ತದೆ. ರೈಲುಗಳೆಲ್ಲ ಆ ಗಡಿಯಾರದ ಪ್ರಕಾರ. ಟೈಮ್ ಎಷ್ಟು ಅಂದರೆ, ಕಿಟಕಿಯಲ್ಲಿ ಬಿಸಿಲು ಹೊಡೆಯುತ್ತಿದ್ದರೂ "ರಾತ್ರಿ ಹತ್ತು" ಅನ್ನುತ್ತಾರೆ, ನಗುವುದೂ ಇಲ್ಲ. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ರೈಲು ಬಿಡುವ ಮುಂಚೆ, ಆರು ಹೆಜ್ಜೆ ಆಚೆ ಕಣ್ಣೆದುರಿಗೇ ಕೂತವನಿಗೆ ಫೋನು ಮಾಡಿ, ದಾರಿ ಖಾಲಿ ಇದೆಯೇ ಎಂದು ಕೇಳುತ್ತಾರೆ. ಒಂದೊಂದು ಗೂಡ್ಸ್ ಬೋಗಿಗೂ ಒಂದೊಂದು ಚೀಟಿ, ಇದರಲ್ಲಿ ಸಿಮೆಂಟು, ಇದರಲ್ಲಿ ಬಿಯರು ಅಂತ. ನಿಮ್ಮ ನಂಜನಗೂಡಿಂದ ಏನು ಹೋಗುತ್ತದೆ ಎಂದು ಕೇಳಿದರು. ಇವರು ಎದೆಯುಬ್ಬಿಸಿ "ರಸಬಾಳೆ" ಅಂದರು. ತಗೊಳ್ಳಿ, ಚೀಟಿ ಬರೆದು ಒಂದು ಬೋಗಿ ಬಾಳೆಹಣ್ಣು ಹಿಮದ ಬೆಟ್ಟಕ್ಕೆ ಹೊರಟೇ ಹೋಯಿತು. ಊರಲ್ಲಿ ನಿಜವಾದ ಗೊನೆಗಳು ಮಂಡಿಯಲ್ಲಿ ಕೊಳೆಯುತ್ತಿದ್ದವು, ಇಲ್ಲಿ ಇವರು ಇಲ್ಲದ ಬಾಳೆಹಣ್ಣನ್ನು ಟೈಮಿಗೆ ಸರಿಯಾಗಿ ಕಳಿಸುತ್ತಿದ್ದರು.

ಊಟದ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಡಬ್ಬಿ ತೆಗೆದು ತಮ್ಮ ಪಾಡಿಗೆ ತಾವು ತಿಂದರು. ಪಕ್ಕದವನಿಗೆ ತಗೋ ಅನ್ನುವ ಒಂದು ಮಾತಿಲ್ಲ. ನೋಡಲು ಬಂದ ಊರಿನ ಜನರೂ ಅಷ್ಟೇ. ಕೈ ಹಿಂದೆ ಕಟ್ಟಿಕೊಂಡು ಬಂದರು, ನೋಡಿದರು, ಬರಿಗೈಯಲ್ಲಿ ಹೋದರು. ಬೊಂಬೆ ನೋಡಿದವರನ್ನು ಹಾಗೆ ಕಳಿಸುವುದುಂಟೇ? ಮಾರನೇ ದಿನ ಊರ್ಸುಲಾ ಅಡುಗೆಮನೆಯಲ್ಲಿ ಕಡಲೆಕಾಳು ಉಸಲಿ ಮಾಡಿ, ದೊಡ್ಡ ಪಾತ್ರೆಯಲ್ಲೇ ತಂದಿಟ್ಟುಕೊಂಡೆ. ನಮ್ಮ ಸೇತುವೆ ನೋಡಲು ನಿಂತವರ ಕೈಗೆಲ್ಲ ಒಂದೊಂದು ಚಮಚ ಹಾಕಿದೆ. ಇದಕ್ಕೆ ಚೀಟಿ ಎಲ್ಲಿ ಕೊಳ್ಳಬೇಕು ಎಂದು ಒಬ್ಬಾಕೆ ಕೇಳಿದಳು. ನನಗೆ ಮುಖಕ್ಕೆ ಹೊಡೆದಂತಾಯಿತು.

ಮೂರನೇ ದಿನ

ಹಾಲ್ ಬೆಚ್ಚಗಿತ್ತು. ನಾನು ದಿನಕ್ಕೆರಡು ಸಲ ನೀರು ಚಿಮುಕಿಸುತ್ತಿದ್ದೆ. ರಾಗಿಗೆ ಇನ್ನೇನು ಬೇಕು? ಮೂರನೇ ದಿನದ ಬೆಳಿಗ್ಗೆ ಪೈರು ಎರಡು ಬೆರಳು ಎದ್ದು, ಹಸುರು ಹಸುರಾಗಿ ಎಡಕ್ಕೂ ಬಲಕ್ಕೂ ತೊನೆಯುತ್ತಿತ್ತು. ಇಡೀ ಹಾಲ್‌ನಲ್ಲಿ ಜೀವ ಇದ್ದದ್ದು ನನ್ನ ಹೊಲ ಒಂದಕ್ಕೇ. ಮಿಕ್ಕವರದೆಲ್ಲ ಪ್ಲಾಸ್ಟಿಕ್ ಹುಲ್ಲು, ನಾರಿನ ಮರ.

ತೊನೆಯುವುದೇನೋ ಚೆಂದ. ಆದರೆ ಪೈರು ಹಳಿಯ ಮೇಲೂ ಬಾಗಿತ್ತು. ಬೆಟ್ಟದ ಕಡೆಯಿಂದ ಕೆಂಪು ರೈಲು ಒಳ್ಳೇ ರಭಸದಲ್ಲಿ ಬಂತು. ಸೇತುವೆಯ ಈಚೆ ಪೈರು ಗಾಲಿಗೆ ಸಿಕ್ಕಿತು. ಇಂಜಿನ್ನು ಹಳಿ ಬಿಟ್ಟು ಹೊಲಕ್ಕೆ ಮಗುಚಿಕೊಂಡಿತು, ಹಿಂದಿನ ಬೋಗಿಗಳೂ ಒಂದರ ಮೇಲೊಂದು.

ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಂಡವು. ಹಾಲ್ ಗಡಿಯಾರ ನಿಲ್ಲಿಸಿದರು. ಡೀಟರ್ ದಾಪುಗಾಲು ಹಾಕಿಕೊಂಡು ಬಂದು, ಇಂಜಿನ್ನು ಎತ್ತಿ, ಟಾರ್ಚು ಬಿಟ್ಟು ನೋಡಿದ. ಬೆರಳಿನಿಂದ ಪೈರು ಮುಟ್ಟಿದ. ಬೆರಳು ಒದ್ದೆಯಾಯಿತು. ಅವನ ಮುಖ ನೋಡಬೇಕಿತ್ತು.

"ಇದು ನಿಜವಾದ ಗಿಡವೇ?"

"ರಾಗಿ" ಅಂದೆ.

"ಬೆಳೆಯುತ್ತದೆಯೇ?"

"ಬೆಳೀದೆ ಇನ್ನೇನು ಮಾಡುತ್ತೆ?"

"ಕೆಳಗೆ ಕರೆಂಟಿನ ವೈರು ಇದೆ. ನೀವು ಮೇಲೆ ನೀರು ಹಾಕುತ್ತಿದ್ದೀರಿ!"

ಹಲಗೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ ಆಮೇಲೇ ಮಣ್ಣು ಹಾಕಿದ್ದೇನೆ, ವರ್ಷಾವರ್ಷ ಮನೆಯಲ್ಲಿ ಮಾಡುವುದೇ ಹೀಗೆ, ಒಂದು ಹನಿ ಕೆಳಗಿಳಿದಿದ್ದರೆ ತೋರಿಸಿ ಅಂದೆ. ಬಗ್ಗಿ ನೋಡಿದ. ಕೆಳಗೆ ರಾಜ ರಾಣಿ ಇದ್ದರು, ನೀರಿರಲಿಲ್ಲ. ಆದರೂ ಅವನ ತೀರ್ಮಾನ ಒಂದೇ. ನಾಳೆ ಕೊನೆಯ ದಿನ, ಎಲ್ಲ ರೈಲೂ ಒಟ್ಟಿಗೆ ಓಡುವ ದಿನ. ಬೆಳಿಗ್ಗೆಯೊಳಗೆ ಗಿಡ ಕಿತ್ತುಹಾಕಬೇಕು. ಇಲ್ಲವಾದರೆ ನಮ್ಮ ಮಾಡ್ಯೂಲನ್ನು ಸಾಲಿನಿಂದ ತೆಗೆದು, ಅಲ್ಲಿಗೆ ಬೇರೆ ಹಲಗೆ ಜೋಡಿಸುತ್ತಾರೆ.

ಪಿತ್ತ ನೆತ್ತಿಗೇರಿತು. "ಕೀಳಲ್ಲ. ದಶಮಿ ಪೂಜೆ ಆಗೋವರೆಗೂ ಈ ಪೈರು ಮುಟ್ಟೋ ಹಾಗಿಲ್ಲ. ಪೂಜೆ ಆದ ಮೇಲೆ ಹೊಳೆಗೆ ಬಿಡಬೇಕು. ಇದು ನಮ್ಮನೆ ಹಬ್ಬ" ಎಂದು ಗೊತ್ತಿದ್ದ ಇಂಗ್ಲಿಷನ್ನೆಲ್ಲ ಸುರಿದೆ. ಊರ್ಸುಲಾ ಅವರ ಭಾಷೆಯಲ್ಲಿ ಇನ್ನಷ್ಟು ಸುರಿದಳು. ಅತ್ತೆಗೆ ಕೊಟ್ಟ ಮಾತು ಹೇಳಿದೆ. ಊರಲ್ಲಿ ರೈಲು ನಿಲ್ಲುತ್ತಿದೆ, ಅದಕ್ಕೇ ಇಷ್ಟು ದೂರ ಹೊತ್ತುಕೊಂಡು ಬಂದೆವು ಅಂದೆ. ಡೀಟರ್ ಎಲ್ಲವನ್ನೂ ಮರ್ಯಾದೆಯಿಂದಲೇ ಕೇಳಿಸಿಕೊಂಡ. ಕೇಳಿಸಿಕೊಂಡು, "ಕ್ಷಮಿಸಿ, ಹಳಿಯ ಮೇಲೆ ಗಿಡ ಇರುವ ಹಾಗಿಲ್ಲ" ಅಂದ.

ಮೂಲೆಗೆ ಹೋಗಿ ಸೀರೆ ಸೆರಗು ಬಾಯಿಗಿಟ್ಟುಕೊಂಡು ಕೂತೆ. ಇವರು ಪಕ್ಕಕ್ಕೆ ಬಂದರು.

"ಅಳಿ ಪಕ್ಕದ್ದೊಂದ್ ಸಾಲು ಕಿತ್ತಾಕ್ಬುಡು ಗಿರಿಜಾ. ಮಿಕ್ಕಿದ್ದು ಇರ್ಲಿ. ಯಾರ್ ನೋಡ್ತಾರೆ?"

"ನಾನು ನೋಡ್ತೀನಿ! ನಿಮ್ಮವ್ವನಿಗೆ ಏನಂತ ಯೋಳ್ಳಿ? ದಶಮಿಗೆ ಮುಂಚೆ ಪೈರು ಕಿತ್ತು ರೈಲು ಬಿಟ್ಟೆ ಅನ್ಲಾ? ಇಲ್ಲ ಪೈರು ಉಳಿಸ್ಕಂಡು ರೈಲು ಬಿಡ್ಲಿಲ್ಲ ಅನ್ಲಾ? ನೀವೂ ಅವರ ಕಡೆನೇನಾ?"

ಇವರು ಎದ್ದು ಹೋಗಿ ಸೇತುವೆಯ ಮುಂದೆ ಕೈಕಟ್ಟಿ ನಿಂತರು.  ಓಗ್ಲಿ ಬುಡು ಅನ್ನುತ್ತಾರೆ ಅಂತ ಕಾದೆ. ಅನ್ನಲಿಲ್ಲ. ನೆಟ್ಟಗೆ ಡೀಟರ್ ಹತ್ತಿರ ಹೋದರು. ನಾನೂ ಊರ್ಸುಲಾನೂ ಹಿಂದೆ ಓಡಿದೆವು.

"ಸಾ," ಅಂದರು ಇವರು, ಕನ್ನಡದಲ್ಲೇ, "ರೈಲು ಅಳಿ ಬುಟ್ಟಿದ್ದು ಪೈರಿಂದಲ್ಲ. ನಿಮ್ಮ ಡ್ರೈವರು ಓಡಿಸ್ಕಂಡು ಬಂದ. ನಮ್ಮೂರಲ್ಲಿ ಸೇತುವೆ ಬತ್ತು ಅಂದ್ರೆ ರೈಲು ನಡ್ಕೊಂಡೇ ಓಗೋದು. ಪಕ್ಕದಲ್ಲಿ ಮನ್ಸ ನಡುದ್ರೆ ಇಬ್ರೂ ಒಟ್ಗೇ ಆ ದಡ ಮುಟ್ಬೇಕು. ಅಷ್ಟ್ ನಿಧಾನ."

ಊರ್ಸುಲಾಗೆ ನಾನು ಹೇಳಿದೆ, ಅವಳು ಅವನಿಗೆ ಹೇಳಿದಳು. ಡೀಟರ್ ತಟ್ಟನೆ ತಲೆಯೆತ್ತಿದ.

"ನಿಜವಾದ ಸೇತುವೆಯಲ್ಲೂ ಹಾಗೆಯೇ?"

"ನಾನೇ ನೋಡಿದ್ದೇನೆ" ಅಂದಳು ಊರ್ಸುಲಾ. "ನಾನು ರೈಲಿನ ಪಕ್ಕದಲ್ಲೇ ನಡೆದುಕೊಂಡು ಫೋಟೋ ತೆಗೆದೆ."

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಅಂದ ಡೀಟರ್. ಅವನ ಮುಖವೇ ಬದಲಾಗಿತ್ತು. ನಿಜವಾದ ಜಾಗದಲ್ಲಿ ಹೇಗಿದೆಯೋ ಇಲ್ಲಿಯೂ ಹಾಗೆಯೇ ಇರಬೇಕು, ಅದೇ ಅವರ ದೊಡ್ಡ ನಿಯಮವಂತೆ. ರೈಲು ನಿಧಾನಕ್ಕೆ ಹೋದರೆ ಪೈರು ಗಾಲಿಗೆ ಸಿಗದೆ ಪಕ್ಕಕ್ಕೆ ಸರಿಯುತ್ತದೋ ನೋಡೋಣ ಎಂದು ತಾನೇ ಇಂಜಿನ್ನು ಹಳಿಯ ಮೇಲಿಟ್ಟು ಮೆಲ್ಲಗೆ ನಡೆಸಿದ. ಪೈರು ಬಾಗಿತು, ದಾರಿ ಬಿಟ್ಟಿತು, ಮತ್ತೆ ಎದ್ದು ನಿಂತಿತು. ಒಂದು ಚಿಕ್ಕ ಹಲಗೆಯಲ್ಲಿ "ನಡಿಗೆಯ ವೇಗ" ಎಂದು ಬರೆದು ನಮ್ಮ ಸೇತುವೆಯ ಎರಡೂ ತುದಿಗೆ ನೆಟ್ಟ. ನಾಳಿನ ರೈಲುಗಳ ಟೈಮೆಲ್ಲ ತಿದ್ದಲು ಕೂತ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಇನ್ನೂ ಸಿಟ್ಟು ಬಂತು. ದೇವರ ಹೆಸರು ಹೇಳಿದೆ, ಹಬ್ಬ ಅಂದೆ, ಅತ್ತೆಗೆ ಕೊಟ್ಟ ಮಾತು ಅಂದೆ, ಕಣ್ಣೀರು ಹಾಕಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ ಆಸಾಮಿ. ರೈಲು ನಿಧಾನ ಅಂದ ಕೂಡಲೇ ಕರಗಿಹೋದ. ಮನುಷ್ಯರ ಮಾತಿಗಿಂತ ರೈಲಿನ ಮಾತು ಹೆಚ್ಚಾಯಿತೇ ಎಂದು ದಾರಿಯುದ್ದಕ್ಕೂ ಗೊಣಗಿದೆ.

"ನೀನೂ ಅಂಗೇ ಅಲ್ವಾ" ಅಂದರು ಇವರು. "ವುಡುಗ ಎಂಗವ್ನೆ ಅಂತ ಕೇಳಿದ್ಯಾ?"



ವಿಜಯದಶಮಿ

ಬೆಳಿಗ್ಗೆ ಸ್ನಾನ ಮಾಡಿ ರೇಷ್ಮೆ ಸೀರೆ ಉಟ್ಟು ಹೋದೆ. ನೋಡಿದರೆ ಪಟ್ಟದ ಬೊಂಬೆಗಳು ಮೇಜಿನ ಕೆಳಗಿಲ್ಲ.  ಯಾರು ತೆಗೆದರೋ ಅಂತ ಕೂಗಾಡಲು ಬಾಯಿ ತೆರೆದೆ. ಊರ್ಸುಲಾ ಮೇಲೆ ತೋರಿಸಿದಳು. ಹಾಲ್ ಗಡಿಯಾರದ ಪಕ್ಕದ ಎತ್ತರದ ಹಲಗೆಯ ಮೇಲೆ, ಇಡೀ ರೈಲುದಾರಿ ಕಾಣುವ ಹಾಗೆ, ರಾಜ ರಾಣಿ ಕೂತಿದ್ದರು. ಅಲ್ಲಿ ಅಳತೆಯ ನಿಯಮ ಇಲ್ಲವಂತೆ. ಅದು ನೋಡುವವರ ಜಾಗ ಎಂದು ಡೀಟರ್ ಹೇಳಿದನಂತೆ. ಕೂಗಾಡಲು ತೆರೆದ ಬಾಯಿಯನ್ನು ಏನು ಮಾಡುವುದೆಂದು ತಿಳಿಯದೆ ಹಾಗೇ ನಿಂತೆ.

ರೈಲುಗಳು ಹೊರಟವು. ನಮ್ಮ ಸೇತುವೆಗೆ ಮೊದಲು ಬಂದದ್ದು ಅದೇ ಕೆಂಪು ರೈಲು, ಹಿಂದೆ ಇವರ ಬಾಳೆಹಣ್ಣಿನ ಬೋಗಿ. ಹಲಗೆ ನೆಟ್ಟ ಕಡೆ ವೇಗ ಕಳೆದುಕೊಂಡಿತು. ಇವರು ಪಕ್ಕದಲ್ಲಿ ಎರಡು ಬೆರಳನ್ನು ಕಾಲು ಮಾಡಿಕೊಂಡು ಸೇತುವೆಯ ರಸ್ತೆಯ ಮೇಲೆ ನಡೆಸಿದರು, ರೈಲಿಗೆ ಸಮಕ್ಕೆ. ಇಂಜಿನ್ನು ಪೈರನ್ನು ಸವರಿಕೊಂಡು ಮೊದಲ ಕಮಾನು ದಾಟಿತು, ಎರಡನೆಯದು ದಾಟಿತು. ಹಿಂದಿನ ರೈಲುಗಳು ಕಾಯುತ್ತಾ ನಿಂತವು. ಫೋನು ಹಿಡಿದವರು ಫೋನು ಕೆಳಗಿಟ್ಟು ಎದ್ದು ಬಂದರು. ಸೀಳಿದ ಕನ್ನಡಿಯಲ್ಲಿ ಎರಡು ರೈಲು ಕಾಣುತ್ತಿದ್ದವು. ಕೊನೆಯ ಬೋಗಿ ಆ ದಡ ಮುಟ್ಟಿತು. ಬಸ್ಸಿಳಿದು ಅಪ್ಪನ ಬೆರಳು ಹಿಡಿದು ನಿಂತಿದ್ದ ದಿನ ನೆನಪಾಯಿತು. ಬಿಕ್ಕಿ ಬಿಕ್ಕಿ ಅತ್ತೆ.

ಆಮೇಲೆ ಪ್ರತಿಯೊಬ್ಬರ ಕೈಗೂ ಬಾಗಿನ ಹಾಕಿದೆ. ಚೀಟಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಡೀಟರ್ ಎರಡೂ ಕೈ ಸೇರಿಸಿ ಬೊಗಸೆಯಲ್ಲಿ ತೆಗೆದುಕೊಂಡ. ಸಂಜೆ ಪೈರನ್ನು ಬೇರುಸಹಿತ ಬಿಡಿಸಿ, ಹಾಲ್ ಹಿಂದಿನ ತೊರೆಗೆ ಬಿಟ್ಟೆವು. ಪೊಲೀಸರು ನೋಡಿದರೆ ಏನು ಹೇಳುವುದು ಎಂದು ಊರ್ಸುಲಾ ಹಿಂದೆ ಮುಂದೆ ನೋಡುತ್ತಿದ್ದಳು. ನದಿಗೆ ಹಿಡಿ ಪೈರು ಬಿಡಲು ಹೆದರಬೇಕಾದ ದೇಶ ಅದೆಂಥದೋ, ದೇವರಿಗೇ ಗೊತ್ತು.

ನಂಜನಗೂಡು

ಮೈಸೂರಿಗೆ ಬಂದವರು ರೈಲಿಗೆ ಅಂತ ನಿಲ್ದಾಣಕ್ಕೆ ಹೋದೆವು. ನಂಜನಗೂಡಿನ ಕಡೆ ರೈಲಿಲ್ಲ, ಬಸ್ಸಿಗೆ ಹೋಗಿ ಅಂದರು. ಇವತ್ತು ಏನೋ ತೊಂದರೆ ಇರಬೇಕು ಎಂದುಕೊಂಡು ಪೆಟ್ಟಿಗೆ ಹೊತ್ತು ಬಸ್ಸು ಹತ್ತಿದೆವು. ಮನೆ ಬಾಗಿಲಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಪೈರು ಬಂತಾ ಎಂದು ಕೇಳಿದರು, ಬಂತು ಅಂದೆ. ದಶಮಿಗೆ ರೈಲು ಬಿಟ್ರಾ ಎಂದು ಕೇಳಿದರು, ಬಿಟ್ಟೆವು ಅಂದೆ.

"ಇಲ್ಲಿ ನಿಂತೋಯ್ತು ಕಣವ್ವ" ಅಂದರು. "ನೀವು ಓದ್ ಎರಡ್ ದಿನಕ್ಕೇ. ಕೊನೇ ರೈಲಿಗೆ ಊರೋರೆಲ್ಲ ಓಗಿ ಊವಿನ ಆರ ಆಕುದ್ರು. ಸೇತುವೆ ಮ್ಯಾಲೆ ಓಗೋವಾಗ ಡ್ರೈವರು ಕೂಗು ಆಕುಸ್ತಾನೇ ಇದ್ದ. ಎಲ್ರೂ ಇದ್ರು, ನೀವೇ ಇರ್ಲಿಲ್ಲ."

ರೈಲು ನಿಲ್ಲಿಸುವಷ್ಟರಲ್ಲಿ ದೀಪಾವಳಿ ಕಳೆಯುತ್ತದೆ ಅನ್ನುತ್ತಿದ್ದರು ಊರಲ್ಲಿ. ಆ ಮಾತನ್ನು ನಂಬಿ ಹೋಗಿದ್ದೆವು. ಏನು ಮಾಡಲಿ, ಯಾರನ್ನು ಬೈಯಲಿ? ಅಷ್ಟು ದೂರ ಹೋಗಿ, ಅಂಗೈ ಅಗಲದ ರೈಲನ್ನು ದಾಟಿಸಿ ಅತ್ತುಬಂದೆ. ನನ್ನ ಮನೆ ಕಿಟಕಿಯಿಂದ ಕಾಣುವ ರೈಲು ಕೊನೆಯ ಸಲ ದಾಟಿದಾಗ ನಾನಿಲ್ಲ. ಆರತಿ ತಟ್ಟೆಯನ್ನೂ ನೋಡದೆ, ಚಪ್ಪಲಿಯನ್ನೂ ಮೆಟ್ಟದೆ ಸೇತುವೆಗೆ ನಡೆದೆ. ಇವರು ಹಿಂದೆ ಬಂದರು.

ಹಳಿ ಇನ್ನೂ ಕಿತ್ತಿರಲಿಲ್ಲ. ಮೇಲೆ ಆಗಲೇ ಕೆಂಪಗೆ ತುಕ್ಕು. ಹಬ್ಬದ ಹೊತ್ತಲ್ಲಿ ಒಳ್ಳೇ ಮಳೆಯಾಗಿರಬೇಕು, ಜಲ್ಲಿಕಲ್ಲಿನ ಸಂದಿಯಿಂದ ಹುಲ್ಲು ಎದ್ದು ಹಳಿಯ ಮೇಲೆ ಬಾಗಿತ್ತು. ಎರಡು ಬೆರಳು ಎತ್ತರ. ನೋಡುತ್ತಿದ್ದಂತೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು. ಕೂತೆ. ಕೀಳಲು ಶುರು ಮಾಡಿದೆ.

"ರೈಲು ಬರಲ್ಲ ಕಣೆ ಇನ್ನು" ಅಂದರು ಇವರು. "ಯಾಕ್ ಕೀಳ್ತೀಯಾ?"

"ಬರದೆ ಇದ್ರೆ ಬ್ಯಾಡ. ಅಳಿ ಮೇಲೆ ಗಿಡ ಇರೋ ಹಾಗಿಲ್ಲ."

ಓಗ್ಲಿ ಬುಡು ಅನ್ನುತ್ತಾರೆ ಅಂದುಕೊಂಡೆ. ಇವರು ಪಂಚೆ ಎತ್ತಿ ಕಟ್ಟಿ, ಆ ಕಡೆಯ ಹಳಿಯ ಪಕ್ಕ ಕೂತರು. ಸೇತುವೆಯ ಮೇಲೆ ಹೋಗುತ್ತಿದ್ದ ಸೈಕಲ್ಲಿನವನೊಬ್ಬ ಇಳಿದು ನಮ್ಮನ್ನು ನೋಡುತ್ತಾ ನಿಂತ. ನಾವು ಒಂದೊಂದೇ ಹೆಜ್ಜೆ ಸರಿಯುತ್ತಾ, ನಡುವಿನ ಕಮಾನಿನವರೆಗೂ ಕಿತ್ತೆವು.